ನೆಟ್ ನಿಧಾನವೇ? ಕಂಪನಿಗೆ ಫೋನ್ ಮಾಡುವ ಮೊದಲು ನೆಟ್‌ವರ್ಕ್ ಕಾರ್ಡನ್ನೊಮ್ಮೆ ನೋಡಿ

ಮದುವೆ ಸೀಸನ್ನಿನಲ್ಲಿ ಸಾಗರದ ಒಂದು ಫೋಟೊ ಸ್ಟುಡಿಯೊದಿಂದ ಫೋನ್ ಬಂತು. "ನೆಟ್ ಪೂರ್ತಿ ಸತ್ತೇ ಹೋಗಿದೆ ಮಾರಾಯ್ರೆ. ನಾಲ್ಕು ಸಲ ಕಂಪ್ಲೇಂಟ್ ಕೊಟ್ಟೆ. ಬರ್ತಾರೆ, ಲೈನ್ ಸರಿ ಇದೆ ಅಂತ ಹೇಳ್ತಾರೆ, ಹೋಗ್ತಾರೆ." ಹೋಗಿ ನೋಡಿದೆ. ಲೈನ್ ನಿಜಕ್ಕೂ ಸರಿ ಇತ್ತು. ಅವರ ಮೊಬೈಲಿನಲ್ಲಿ ವೈಫೈ ಚೆನ್ನಾಗಿಯೇ ಓಡುತ್ತಿತ್ತು. ತೆವಳುತ್ತಿದ್ದದ್ದು ಆಲ್ಬಂ ಡಿಸೈನ್ ಮಾಡುವ ಒಂದೇ ಒಂದು ಕಂಪ್ಯೂಟರ್. ಅದರ ನೆಟ್‌ವರ್ಕ್ ಕಾರ್ಡಿನಲ್ಲಿ, ಅಂದರೆ ಕಂಪ್ಯೂಟರನ್ನು ನೆಟ್‌ಗೆ ಜೋಡಿಸುವ ಭಾಗದಲ್ಲಿ, ಯಾರೋ ಒಂದು ಸೆಟ್ಟಿಂಗ್ ಬದಲಿಸಿದ್ದರು. ಮೊದಲಿನಂತೆ ಮಾಡಲು ಅರ್ಧ ನಿಮಿಷ ಸಾಕಾಯಿತು. ಅಲ್ಲಿಯವರೆಗೆ ಹದಿನೈದು ದಿನ ಆ ಹುಡುಗರು ಪೆನ್‌ಡ್ರೈವ್ ಹಿಡಿದುಕೊಂಡು ಈ ಮೇಜಿನಿಂದ ಆ ಮೇಜಿಗೆ ಓಡಾಡಿದ್ದರು.

ಕಾರ್ಡಿನ ಸೆಟ್ಟಿಂಗ್ ತಾನಾಗಿ ಕೆಡುವುದು ಅಪರೂಪ. "ಹೀಗೆ ಮಾಡಿದರೆ ಸ್ಪೀಡ್ ಜಾಸ್ತಿಯಾಗುತ್ತದೆ" ಎಂಬ ಮಾತು ನಂಬಿ ಯಾರಾದರೂ ಕೈಯಾಡಿಸಿರುತ್ತಾರೆ, ಇಲ್ಲವೇ ಕರೆಂಟ್ ಉಳಿಸಲೆಂದು ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ತಾನೇ ಏನನ್ನೋ ಆನ್ ಮಾಡಿಕೊಂಡಿರುತ್ತದೆ. ಹಾಗಾಗಿ ಇಲ್ಲಿ ಹೊಸದಾಗಿ ಸೇರಿಸುವ ಕೆಲಸ ಕಡಿಮೆ, ಯಾರೋ ಬದಲಿಸಿದ್ದನ್ನು ಹಿಂದಕ್ಕೆ ತರುವ ಕೆಲಸವೇ ಹೆಚ್ಚು.

ಶುರು ಮಾಡುವ ಮುನ್ನ

ಬದಲಿಸುವ ಪ್ರತಿಯೊಂದು ಸೆಟ್ಟಿಂಗಿನ ಹಳೆಯ ಆಯ್ಕೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷೆ ಮಾಡಿ, ವ್ಯತ್ಯಾಸ ಕಾಣದಿದ್ದರೆ ಹಿಂದಕ್ಕೆ ಹಾಕಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ಯಾರಿಗೂ ತಿಳಿಯದು.

ಕಾರ್ಡಿನ ಸೆಟ್ಟಿಂಗ್ ಬದಲಿಸಿದಾಗ ಸಂಪರ್ಕ ಕೆಲವು ಸೆಕೆಂಡು ಕಡಿದುಹೋಗಿ ಮತ್ತೆ ಬರುತ್ತದೆ. ಟ್ಯಾಲಿ ಡೇಟಾ ಬೇರೆ ಕಂಪ್ಯೂಟರಿನಲ್ಲಿದ್ದರೆ ಮೊದಲು ಅದನ್ನು ಮುಚ್ಚಿ. ಬ್ಯಾಂಕಿನ ಕೆಲಸ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಎನಿಡೆಸ್ಕಿನಂಥ ರಿಮೋಟ್ ಸಾಫ್ಟ್‌ವೇರ್ ಮೂಲಕ ದೂರದ ಊರಿನ ಕಂಪ್ಯೂಟರಿಗೆ ಈ ಕೆಲಸ ಮಾಡಲೇಬೇಡಿ. ಆ ಬದಲಾವಣೆ ತಪ್ಪಾದರೆ ಸಂಪರ್ಕ ಮತ್ತೆ ಬರುವುದಿಲ್ಲ. ಅದನ್ನು ಸರಿಪಡಿಸಲು ನೀವು ಬಸ್ಸು ಹತ್ತಿಯೇ ಹೋಗಬೇಕಾಗುತ್ತದೆ.

ಇನ್ನು ಲೆಕ್ಕದ ವಿಷಯ. ನೆಟ್ ಕಂಪನಿಯವರು ಹೇಳುವ ಎಂಬಿಪಿಎಸ್ ಬಿಟ್‌ಗಳ ಲೆಕ್ಕ, ಫೈಲ್ ಕಾಪಿಯಾಗುವಾಗ ಕಾಣುವ ಎಂಬಿ ಬೈಟ್‌ಗಳ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಕೊಂಡಿಯಲ್ಲಿ (ಕೊಂಡಿ ಎಂದರೆ ಕೇಬಲಿನ ಎರಡು ತುದಿಗಳ ನಡುವಿನ ಸಂಪರ್ಕ) ಫೈಲ್ ಸೆಕೆಂಡಿಗೆ 11 ಎಂಬಿ ಹೋಗುತ್ತಿದ್ದರೆ ಅದು ನಿಧಾನವಲ್ಲ, ಅಷ್ಟೇ ಅದರ ತಾಕತ್ತು. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಕೊಂಡಿಯಲ್ಲಿ 110ರ ಆಸುಪಾಸು ಬರಬೇಕು, ಹಾರ್ಡ್ ಡಿಸ್ಕ್ ಅಷ್ಟು ವೇಗಕ್ಕೆ ತಾಳಿದರೆ.

ಆದೇಶಗಳನ್ನೂ ಮೆನುವಿನ ಹೆಸರುಗಳನ್ನೂ ಇಲ್ಲಿ ಉಚ್ಚಾರಣೆಯ ಪ್ರಕಾರ ಬರೆದಿದ್ದೇನೆ. ಫೋನಿನಲ್ಲಿ ಕೇಳಿಸಿಕೊಂಡು ಬರೆಯುವ ಹಾಗೆ ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಎಲ್ಲಕ್ಕಿಂತ ಮೊದಲು, ದುಡ್ಡು ಖರ್ಚಿಲ್ಲದ ಮೂರು ಪರೀಕ್ಷೆ. ಅದೇ ರೂಟರಿನ ವೈಫೈಗೆ ಮೊಬೈಲ್ ಸೇರಿಸಿ ಸ್ಪೀಡ್ ಟೆಸ್ಟ್ ಮಾಡಿ. ಮೊಬೈಲಿನಲ್ಲೂ ನಿಧಾನವಿದ್ದರೆ ದೋಷ ಲೈನಿನದೋ ರೂಟರಿನದೋ ಇರಬೇಕು, ಕಾರ್ಡನ್ನು ಬಿಟ್ಟುಬಿಡಿ. ಮೊಬೈಲ್ ಸರಿಯಿದ್ದು ಕಂಪ್ಯೂಟರ್ ಮಾತ್ರ ನಿಧಾನವಿದ್ದರೆ ಲ್ಯಾನ್ ಕೇಬಲನ್ನು ರೂಟರಿನ ಬೇರೆ ಪೋರ್ಟಿಗೆ ಚುಚ್ಚಿ. ಆಗಲೂ ಅಷ್ಟೇ ಆದರೆ ಸರಿಯಾಗಿ ಓಡುತ್ತಿರುವ ಬೇರೆ ಕಂಪ್ಯೂಟರಿನ ಕೇಬಲನ್ನೇ ತಂದು ಇದಕ್ಕೆ ಹಾಕಿ ನೋಡಿ. ಈ ಮೂರಕ್ಕೂ ಜಗ್ಗದಿದ್ದರೆ ಮುಂದೆ ಓದಿ.

ಲಕ್ಷಣ: "ಪ್ಲಾನ್ 200 ಎಂಬಿಪಿಎಸ್, ಟೆಸ್ಟಿನಲ್ಲಿ 94ರ ಮೇಲೆ ಏರುವುದೇ ಇಲ್ಲ"

94 ಎಂಬ ಅಂಕಿ ಕಂಡರೆ ಅರ್ಧ ಉತ್ತರ ಸಿಕ್ಕಂತೆಯೇ. ಕಾರ್ಡು ಮತ್ತು ರೂಟರ್ ನಡುವಿನ ಕೊಂಡಿ 100 ಎಂಬಿಪಿಎಸ್‌ನಲ್ಲಿ ನಿಂತಿದೆ ಎಂದರ್ಥ. ಡೇಟಾ ಪ್ಯಾಕೆಟ್ ಎಂಬ ಚಿಕ್ಕ ತುಂಡುಗಳಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲಿನ ವಿಳಾಸ, ಪ್ಯಾಕೆಟ್ಟುಗಳ ನಡುವಿನ ಬಿಡುವು ಎಲ್ಲ ಕಳೆದು ಕೈಗೆ ಸಿಗುವುದು 94-95.

ಖಚಿತ ಮಾಡಿಕೊಳ್ಳುವುದು ಸುಲಭ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎನ್‌ಸಿಪಿಎ ಡಾಟ್ ಸಿಪಿಎಲ್ ಎಂದು ಬರೆದು ಎಂಟರ್ ಒತ್ತಿ. ಈಥರ್‌ನೆಟ್ (ಲ್ಯಾನ್ ಕೇಬಲಿನ ಸಂಪರ್ಕ) ಮೇಲೆ ಬಲ ಕ್ಲಿಕ್ ಮಾಡಿ ಸ್ಟೇಟಸ್ ತೆರೆದರೆ ಸ್ಪೀಡ್ ಎಂಬ ಸಾಲು ಇರುತ್ತದೆ. 1.0 ಜಿಬಿಪಿಎಸ್ ಇದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. 100 ಇದ್ದರೆ ಇಲ್ಲೇ ಹುಡುಕಬೇಕು. 10 ಎಂದು ಕಂಡರಂತೂ ಕೇಬಲ್ ಮೇಲೇ ಮೊದಲ ಅನುಮಾನ.

ಲ್ಯಾನ್ ಕೇಬಲಿನೊಳಗೆ ಎಂಟು ತಂತಿಗಳು. 100 ಎಂಬಿಪಿಎಸ್‌ಗೆ ಬೇಕಾಗುವುದು ಅವುಗಳಲ್ಲಿ ನಾಲ್ಕೇ: 1, 2, 3 ಮತ್ತು 6ನೆಯದು. ಗಿಗಾಬಿಟ್‌ಗೆ ಎಂಟೂ ಬೇಕು. ಮೇಜಿನ ಹಿಂದೆ ಇಲಿ ಕಚ್ಚಿ 4, 5, 7, 8ರಲ್ಲಿ ಒಂದು ತುಂಡಾದರೂ ನೆಟ್ ಎಷ್ಟೋ ಸಲ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಹಾಗಾಗಿಯೇ ಯಾರಿಗೂ ಕೇಬಲ್ ಮೇಲೆ ಅನುಮಾನ ಬರುವುದಿಲ್ಲ. ಹಳೆಯ ಆಫೀಸುಗಳಲ್ಲಿ ಒಂದೇ ಕೇಬಲಿನ ನಾಲ್ಕು ತಂತಿ ಒಂದು ಕಂಪ್ಯೂಟರಿಗೆ, ಉಳಿದ ನಾಲ್ಕು ಇನ್ನೊಂದಕ್ಕೆ ಎಂದು ಹಂಚಿ ಎಳೆದಿರುವುದನ್ನೂ ಕಂಡಿದ್ದೇನೆ. ಅಂಥ ಕೇಬಲಿನಲ್ಲಿ ಯಾವ ಸೆಟ್ಟಿಂಗ್ ಮಾಡಿದರೂ ಗಿಗಾಬಿಟ್ ಬಾರದು. ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಚಿಕ್ಕ ಲ್ಯಾನ್ ಟೆಸ್ಟರ್ ಹಾಕಿದರೆ ಎರಡೂ ಕಡೆ 1ರಿಂದ 8ರವರೆಗೆ ದೀಪಗಳು ಸಾಲಾಗಿ ಹತ್ತಬೇಕು. ಒಂದು ಹತ್ತದಿದ್ದರೆ, ಅಥವಾ ಸಾಲು ತಪ್ಪಿದರೆ, ತುದಿಯ ಜ್ಯಾಕ್ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿ. ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು.

ಕೇಬಲ್ ಸರಿಯಿದ್ದರೆ ಆ ಕಡೆಯ ಪೆಟ್ಟಿಗೆ ನೋಡಿ. ಮನೆಗೆ ಫೈಬರ್ ತಂದವರು ಕೂರಿಸಿದ ಪೆಟ್ಟಿಗೆಯ ಲ್ಯಾನ್ ಪೋರ್ಟ್‌ಗಳೆಲ್ಲ ಗಿಗಾಬಿಟ್ ಆಗಿರಬೇಕೆಂದಿಲ್ಲ. ಕೆಲವದರಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100. ಜಿಇ ಎಂದು ಅಚ್ಚಾಗಿದ್ದರೆ ಗಿಗಾಬಿಟ್, ಎಫ್‌ಇ ಎಂದಿದ್ದರೆ 100. ನಡುವೆ ಐದು ಪೋರ್ಟಿನ ಹಳೆಯ ಸ್ವಿಚ್ (ಹಲವು ಲ್ಯಾನ್ ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ) ಇದ್ದರೆ ಅದರ ತಳದ ಚೀಟಿಯನ್ನೂ ಓದಿ.

ಕೊನೆಗೆ ಕಾರ್ಡು. ಈಥರ್‌ನೆಟ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಾನ್ಫಿಗರ್, ಅಡ್ವಾನ್ಸ್ಡ್. ಮುಂದೆ ಹೇಳುವ ಹೆಚ್ಚಿನ ಸೆಟ್ಟಿಂಗ್‌ಗಳು ಇರುವುದೂ ಇಲ್ಲೇ. ಸ್ಪೀಡ್ ಆಂಡ್ ಡುಪ್ಲೆಕ್ಸ್ ಎಂಬುದರಲ್ಲಿ ಆಟೊ ನೆಗೋಶಿಯೇಶನ್ ಇರಬೇಕು. ಆ ಪಟ್ಟಿಯಲ್ಲಿ 1.0 ಜಿಬಿಪಿಎಸ್ ಎಂಬ ಆಯ್ಕೆಯೇ ಇಲ್ಲದಿದ್ದರೆ ಹೆಚ್ಚಾಗಿ ಕಾರ್ಡೇ 100ರದ್ದು. ಹೊಸ ಗಿಗಾಬಿಟ್ ಕಾರ್ಡನ್ನೋ ಯುಎಸ್‌ಬಿ 3 ಅಡಾಪ್ಟರನ್ನೋ ಹಾಕಿಕೊಳ್ಳಿ. ಯುಎಸ್‌ಬಿ 2 ಪೋರ್ಟಿಗೆ ಗಿಗಾಬಿಟ್ ಅಡಾಪ್ಟರ್ ಚುಚ್ಚಿ ಪೂರ್ಣ ವೇಗ ನಿರೀಕ್ಷಿಸಬೇಡಿ. ಯುಎಸ್‌ಬಿ 2ರ ಮಿತಿ ಕಾಗದದ ಮೇಲೆಯೇ 480 ಎಂಬಿಪಿಎಸ್, ನಿಜದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ.

ಲಕ್ಷಣ: "ವೆಬ್‌ಸೈಟ್ ತೆರೆಯುತ್ತದೆ, ಪಿಂಗ್ ಚೆನ್ನಾಗಿದೆ, ದೊಡ್ಡ ಫೈಲ್ ಮಾತ್ರ ತೆವಳುತ್ತದೆ"

ಸಾಗರದ ಸ್ಟುಡಿಯೊದ ರೋಗ ಇದೇ. ಇದನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಎಂಥ ಅನುಭವಿಯನ್ನೂ ದಾರಿ ತಪ್ಪಿಸುವ ದೋಷವಿದು. ಪಿಂಗ್ ಮಾಡಿದರೆ, ಅಂದರೆ ಒಂದು ಚಿಕ್ಕ ಪ್ಯಾಕೆಟ್ ಕಳಿಸಿ ಇದ್ದೀಯಾ ಎಂದು ಕೇಳಿದರೆ, ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಬರುತ್ತದೆ. ಸರ್ವರಿನ ಫೋಲ್ಡರ್ ತೆರೆದುಕೊಳ್ಳುತ್ತದೆ. ಕ್ಯಾಮೆರಾ ಕಾರ್ಡಿನ 32 ಜಿಬಿ ಫೋಟೊಗಳನ್ನು ಕಾಪಿಗೆ ಹಾಕಿದ ಕೂಡಲೇ ಎಲ್ಲ ಕುಸಿಯುತ್ತದೆ. ಗಿಗಾಬಿಟ್‌ನಲ್ಲಿ ಐದು ನಿಮಿಷದ, 100 ಎಂಬಿಪಿಎಸ್‌ನಲ್ಲಿ ಮುಕ್ಕಾಲು ಗಂಟೆಯ ಆ ಕೆಲಸ ರಾತ್ರಿ ಹಾಕಿಹೋದರೆ ಬೆಳಿಗ್ಗೆಗೂ ಮುಗಿದಿರುತ್ತಿರಲಿಲ್ಲ.

ಇದಕ್ಕೆ ಡುಪ್ಲೆಕ್ಸ್ ಮಿಸ್‌ಮ್ಯಾಚ್ ಎನ್ನುತ್ತಾರೆ. ನಮ್ಮ ಕಡೆ ಹಳ್ಳಕ್ಕೆ ಕಟ್ಟಿದ ಹಳೆಯ ಸೇತುವೆಗಳ ಮೇಲೆ ಒಂದು ಸಲಕ್ಕೆ ಒಂದೇ ಗಾಡಿ ಹೋಗಲು ಜಾಗ. ಎದುರಿನಿಂದ ಬರುತ್ತಿದ್ದರೆ ಈ ಕಡೆಯವರು ನಿಲ್ಲಬೇಕು. ಇದು ಹಾಫ್ ಡುಪ್ಲೆಕ್ಸ್. ಹೈವೇಯಲ್ಲಿ ಹೋಗುವವರಿಗೆ ಒಂದು ದಾರಿ, ಬರುವವರಿಗೆ ಇನ್ನೊಂದು. ಇದು ಫುಲ್ ಡುಪ್ಲೆಕ್ಸ್. ಈಗ ಒಂದೇ ಸೇತುವೆಯ ಒಂದು ತುದಿಯ ಡ್ರೈವರ್ ಅದನ್ನು ಒಂಟಿ ದಾರಿ ಎಂದೂ ಇನ್ನೊಂದು ತುದಿಯವನು ಜೋಡಿ ರಸ್ತೆ ಎಂದೂ ತಿಳಿದಿದ್ದಾರೆ ಎಂದುಕೊಳ್ಳಿ. ಒಬ್ಬ ಕಾದು, ಖಾಲಿ ಇದೆ ಎಂದು ನೋಡಿಕೊಂಡೇ ಹೊರಡುತ್ತಾನೆ. ಇನ್ನೊಬ್ಬ ನೋಡದೆಯೇ ನುಗ್ಗುತ್ತಾನೆ. ದಿನಕ್ಕೆ ಎರಡು ಗಾಡಿ ಓಡಾಡುವಾಗ ಏನೂ ಆಗುವುದಿಲ್ಲ. ಪಿಂಗ್ ಎಂದರೆ ಆ ಎರಡು ಗಾಡಿ. ಜಾತ್ರೆಯ ದಿನ ಮಾತ್ರ ಡಿಕ್ಕಿಯ ಮೇಲೆ ಡಿಕ್ಕಿ. ಒಡೆದ ಪ್ಯಾಕೆಟ್ಟುಗಳನ್ನು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ, ಪ್ರತಿ ಸಲ ಕಳೆದುಹೋದಾಗಲೂ ಕಳಿಸುವ ಕಂಪ್ಯೂಟರ್ ದಾರಿಯಲ್ಲಿ ದಟ್ಟಣೆ ಇದೆ ಎಂದು ತಿಳಿದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ.

ಇದು ಹುಟ್ಟುವುದು ಹೇಗೆ? ಎರಡೂ ಕಡೆ ಆಟೊ ಇದ್ದರೆ ಕಾರ್ಡು ಮತ್ತು ಸ್ವಿಚ್ ಮೊದಲೇ ಮಾತಾಡಿಕೊಂಡು ಇಬ್ಬರಿಗೂ ಸಾಧ್ಯವಿರುವ ಅತ್ಯುತ್ತಮ ವೇಗಕ್ಕೆ ಒಪ್ಪುತ್ತವೆ. ಕಾರ್ಡಿನಲ್ಲಿ ಯಾರೋ 100 ಎಂಬಿಪಿಎಸ್ ಫುಲ್ ಡುಪ್ಲೆಕ್ಸ್ ಎಂದು ಗಟ್ಟಿ ಮಾಡಿದರೆ ಆ ಮಾತುಕತೆಯೇ ನಿಂತುಹೋಗಬಹುದು. ಸ್ವಿಚ್ಚಿಗೆ ಸಿಗ್ನಲ್ಲಿನ ರೀತಿ ನೋಡಿ 100 ಎಂದು ತಿಳಿಯುತ್ತದೆ, ಆದರೆ ಹಾಫೋ ಫುಲ್ಲೋ ಎಂದು ಸಿಗ್ನಲ್ಲಿನಿಂದ ತಿಳಿಯಲು ಬರುವುದಿಲ್ಲ. ಆಗ ಹಾಫ್ ಎಂದೇ ಹಿಡಿಯಬೇಕು ಎಂಬುದು ನಿಯಮ. ಅಲ್ಲಿಗೆ ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್. ಫುಲ್ ಎಂದು ಬರೆದದ್ದು ಒಳ್ಳೆಯದೇ ಇರಬೇಕು ಎಂದು ಆರಿಸಿದವರು ಇಡೀ ಕೊಂಡಿಯನ್ನು ಕೆಡಿಸಿರುತ್ತಾರೆ. ಕೆಲವು ಹೊಸ ಡ್ರೈವರ್‌ಗಳು ಗಟ್ಟಿ ಮಾಡಿದಾಗಲೂ ಮಾತುಕತೆ ಬಿಡುವುದಿಲ್ಲ. ಅಂಥಲ್ಲಿ ಇದೇ ತಪ್ಪು ಮಾಡಿದರೂ ವೇಗ ಬರೀ 94ಕ್ಕೆ ಇಳಿದು ನಿಲ್ಲುತ್ತದೆ. "ನನ್ನ ಕಂಪ್ಯೂಟರಿನಲ್ಲಿ ಹೀಗೇ ಇದೆ, ಏನೂ ತೊಂದರೆಯಿಲ್ಲ" ಎಂದು ಪಕ್ಕದವರು ಹೇಳುವುದು ಈ ಕಾರಣಕ್ಕೆ.

ಈ ಸಲಹೆ ಎಲ್ಲಿಂದ ಬಂತು ಎಂಬುದಕ್ಕೂ ಕಾರಣವಿದೆ. 1995ರಲ್ಲಿ 100 ಎಂಬಿಪಿಎಸ್ ಈಥರ್‌ನೆಟ್ ಬಂದ ಹೊಸತರಲ್ಲಿ ಬೇರೆ ಬೇರೆ ಕಂಪನಿಗಳ ಕಾರ್ಡು, ಸ್ವಿಚ್‌ಗಳ ನಡುವೆ ಈ ಮಾತುಕತೆ ಎಷ್ಟೋ ಸಲ ಎಡವುತ್ತಿತ್ತು. ಆಗ ಎಂಜಿನಿಯರುಗಳು ಎರಡೂ ಕಡೆ ಒಂದೇ ವೇಗ, ಒಂದೇ ಡುಪ್ಲೆಕ್ಸ್ ಗಟ್ಟಿ ಮಾಡುತ್ತಿದ್ದರು. ಎರಡೂ ಕಡೆ ಎಂಬುದು ಮುಖ್ಯ. ತಾಮ್ರದ ತಂತಿಯ ಮೇಲೆ ಗಿಗಾಬಿಟ್ ಓಡಿಸುವ 1999ರ ನಿಯಮದಲ್ಲಿ ಆಟೊ ಕಡ್ಡಾಯವೇ ಆಯಿತು. ಆದರೂ ಹಳೆಯ ಸಲಹೆ ಬಾಯಿಂದ ಬಾಯಿಗೆ ಉಳಿದುಬಂತು, ಎರಡೂ ಕಡೆ ಎಂಬ ಮಾತು ದಾರಿಯಲ್ಲಿ ಬಿದ್ದುಹೋಯಿತು. ಮನೆ, ಅಂಗಡಿಗಳಲ್ಲಿರುವ ಸಾಧಾರಣ ಸ್ವಿಚ್ಚಿನಲ್ಲಿ ಆ ಕಡೆ ಬದಲಿಸಲು ಸೆಟ್ಟಿಂಗೇ ಇರುವುದಿಲ್ಲ, ಅದು ಸದಾ ಆಟೊ.

ಹಿಡಿಯುವುದು ಹೇಗೆಂದರೆ, ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ನೆಟ್‌ಸ್ಟ್ಯಾಟ್ ಎಂದು ಬರೆದು, ಜಾಗ ಬಿಟ್ಟು, ಮೈನಸ್ ಇ ಎಂದು ಬರೆಯಿರಿ. ಎರರ್ಸ್ ಎಂಬ ಸಾಲಿನ ಅಂಕಿ ಗುರುತು ಹಾಕಿಕೊಳ್ಳಿ. ಒಂದು ದೊಡ್ಡ ಫೈಲನ್ನು ಕಾಪಿಗೆ ಹಾಕಿ, ಎರಡು ನಿಮಿಷ ಬಿಟ್ಟು ಅದೇ ಆದೇಶವನ್ನು ಮತ್ತೆ ಕೊಡಿ. ಸರಿಯಾಗಿರುವ ಕೊಂಡಿಯಲ್ಲಿ ಆ ಅಂಕಿ ಸೊನ್ನೆಯಲ್ಲೋ ಮೊದಲು ಇದ್ದಲ್ಲಿಯೋ ನಿಂತಿರುತ್ತದೆ. ನಿಮ್ಮ ಕಣ್ಣೆದುರೇ ಏರುತ್ತಿದ್ದರೆ ಪ್ಯಾಕೆಟ್ಟುಗಳು ಒಡೆದು ಬರುತ್ತಿವೆ ಎಂದೇ ಅರ್ಥ. ಸ್ಪೀಡ್ ಆಂಡ್ ಡುಪ್ಲೆಕ್ಸ್ ಅನ್ನು ಆಟೊ ನೆಗೋಶಿಯೇಶನ್‌ಗೆ ತಂದು ಮತ್ತೆ ಕಾಪಿ ಹಾಕಿ. ಅಂಕಿ ನಿಂತರೆ ರೋಗ ಸಿಕ್ಕಿತು. ಆಟೊ ಮಾಡಿದ ಮೇಲೂ ಏರುತ್ತಿದ್ದರೆ ಕೇಬಲೋ ಪೋರ್ಟೋ ಹಾಳಾಗಿದೆ. ಸ್ಟೇಟಸ್ ಕಿಟಕಿ ಡುಪ್ಲೆಕ್ಸ್ ತೋರಿಸುವುದಿಲ್ಲ, ಅದನ್ನು ನಂಬಿ ಕೂರಬೇಡಿ.

ಆ ಸ್ಟುಡಿಯೊದಲ್ಲಿ ಆಟೊ ಮಾಡಿದ ಮೇಲೆ ಕಾರ್ಡಿನ ದೀಪ ಒಮ್ಮೆ ಆರಿ ಹತ್ತಿತು, ಸ್ಟೇಟಸ್‌ನಲ್ಲಿ 1.0 ಜಿಬಿಪಿಎಸ್ ಎಂದು ಬಂತು. ಹುಡುಗ ಒಂದು ಮದುವೆಯ ಫೋಲ್ಡರನ್ನು ಎಳೆದು ಬಿಟ್ಟು, ಹಸಿರು ಪಟ್ಟಿ ಓಡುವುದನ್ನು ನಿಂತುಕೊಂಡೇ ನೋಡಿದ. ಅವನ ಕೈಯಲ್ಲೇ ಒಂದು ಚೀಟಿ ಬರೆಸಿ ಕ್ಯಾಬಿನೆಟ್ಟಿನ ಹಿಂದೆ ಅಂಟಿಸಿ ಬಂದೆ: "ಸ್ಪೀಡ್ ಆಂಡ್ ಡುಪ್ಲೆಕ್ಸ್ ಆಟೊದಲ್ಲೇ ಇರಲಿ."

ಲಕ್ಷಣ: "ಕರೆಂಟ್ ಹೋದಾಗ ಮಾತ್ರ ನಿಧಾನ" ಅಥವಾ "ಊಟ ಮಾಡಿ ಬರುವಷ್ಟರಲ್ಲಿ ನೆಟ್ ಕಡಿದಿರುತ್ತದೆ"

ರೂಟರ್ ಯುಪಿಎಸ್ ಮೇಲಿದೆ, ಲ್ಯಾಪ್‌ಟಾಪ್‌ಗೆ ಬ್ಯಾಟರಿಯಿದೆ, ಹಾಗಿದ್ದೂ ಕರೆಂಟ್ ಹೋದ ಕೂಡಲೇ ನೆಟ್ ಮಂಕಾಗುತ್ತದೆ. ಲೈನ್ ಕೆಟ್ಟಿತೆಂದು ಬೈಯುವ ಮೊದಲು ಚಾರ್ಜರ್ ಕಿತ್ತು, ಹಾಕಿ ನೋಡಿ. ಚಾರ್ಜರ್ ಹಾಕಿದೊಡನೆ ವೇಗ ಮರಳಿದರೆ ಇದು ಬ್ಯಾಟರಿ ಉಳಿಸುವ ಸೆಟ್ಟಿಂಗಿನ ಕೆಲಸ.

ವೈಫೈ ಆದರೆ ಪವರ್ ಆಪ್ಶನ್ಸ್‌ನಲ್ಲಿ ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್ ಎಂಬುದಿದ್ದರೆ, ಆನ್ ಬ್ಯಾಟರಿ ಸಾಲಿನಲ್ಲಿ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಆರಿಸಿ. ಲ್ಯಾನ್ ಆದರೆ, ರಿಯಲ್‌ಟೆಕ್ ಕಂಪನಿಯ ಕಾರ್ಡುಗಳ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಆಟೊ ಡಿಸೇಬಲ್ ಗಿಗಾಬಿಟ್ ಎಂಬುದು ಇದ್ದಲ್ಲಿ ಅದನ್ನು ಡಿಸೇಬಲ್ಡ್ ಮಾಡಿ. ಹೆಸರೇ ಹೇಳುವಂತೆ ಅದು ಗಿಗಾಬಿಟ್ಟನ್ನು ತಾನಾಗಿ ನಿಲ್ಲಿಸಿ ಕರೆಂಟ್ ಉಳಿಸುತ್ತದೆ.

ಸ್ವಲ್ಪ ಹೊತ್ತು ಬಿಟ್ಟುಹೋದ ಮೇಲೆ ಕಡಿಯುವುದಾದರೆ, ಅದೇ ಕಿಟಕಿಯ ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಮೊದಲ ಸಾಲಿನ ಟಿಕ್ ತೆಗೆಯಿರಿ. ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್, ಗ್ರೀನ್ ಈಥರ್‌ನೆಟ್ ಎಂಬ ಎರಡು ಹೆಸರುಗಳೂ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಕಾಣಬಹುದು. ಕರೆಂಟ್ ಉಳಿಸುವ ವ್ಯವಸ್ಥೆಗಳು ಅವು; ಮೊದಲನೆಯದು ಕಳಿಸಲು ಏನೂ ಇಲ್ಲದಾಗ ಕೊಂಡಿಯನ್ನು ಜೊಂಪಿಗೆ ಬಿಡುತ್ತದೆ. ತತ್ವ ಒಳ್ಳೆಯದೇ. ಆದರೆ ಕೆಲವು ಹಳೆಯ ಸ್ವಿಚ್‌ಗಳ ಜೊತೆ ಹೊಂದದೆ ಕೊಂಡಿ ಪದೇ ಪದೇ ಬಿದ್ದು ಏಳುತ್ತದೆ. ಆಫ್ ಮಾಡಿ ಒಂದು ದಿನ ನೋಡಿ. ಫರಕು ಕಾಣದಿದ್ದರೆ ಮತ್ತೆ ಆನ್ ಮಾಡಿ.

ಲಕ್ಷಣ: "ಡೌನ್‌ಲೋಡ್ ಸರಿಯಿದೆ, ಅಪ್‌ಲೋಡ್ ಮಾತ್ರ ಹೆಣಗುತ್ತದೆ"

ಪ್ಲಾನಿನಲ್ಲೇ ಅಪ್‌ಲೋಡ್ ಕಡಿಮೆ ಇದೆಯೇ ಎಂದು ಮೊದಲು ಕೇಳಿ ತಿಳಿಯಿರಿ. ಅದಲ್ಲವಾದರೆ ಲಾರ್ಜ್ ಸೆಂಡ್ ಆಫ್‌ಲೋಡ್ ಎಂಬ ಸೆಟ್ಟಿಂಗ್ ಮೇಲೆ ಕಣ್ಣಿಡಿ. ಕಳಿಸಬೇಕಾದ ಡೇಟಾವನ್ನು ಪ್ಯಾಕೆಟ್ಟುಗಳಾಗಿ ತುಂಡರಿಸುವ ಕೆಲಸವನ್ನು ಪ್ರೊಸೆಸರಿನ ಬದಲು ಕಾರ್ಡಿಗೇ ಒಪ್ಪಿಸುವ ಏರ್ಪಾಡು ಅದು. ಡ್ರೈವರ್ ಚೆನ್ನಾಗಿದ್ದರೆ ಲಾಭವೇ. ಡ್ರೈವರಿನಲ್ಲಿ ದೋಷವಿದ್ದರೆ ಕಳಿಸಿದ್ದನ್ನೇ ಮತ್ತೆ ಕಳಿಸುತ್ತ ಕೂರುತ್ತದೆ. ಐಪಿವಿ4, ಐಪಿವಿ6 (ಎರಡು ಬಗೆಯ ನೆಟ್ ವಿಳಾಸ) ಎಂದು ಎರಡು ಸಾಲು ಇರುತ್ತದೆ, ಎರಡನ್ನೂ ಡಿಸೇಬಲ್ಡ್ ಮಾಡಿ ಪರೀಕ್ಷಿಸಿ. ಇದೊಂದು ಕಡೆ ಮಾತ್ರ ಎರಡನ್ನು ಒಟ್ಟಿಗೆ ಬದಲಿಸಬಹುದು. ಸರಿಹೋದರೆ ನಿಜವಾದ ಮದ್ದು ಹೊಸ ಡ್ರೈವರ್. ಅದನ್ನು ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಿಸಿದ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ಉಚಿತವಾಗಿ ಎಲ್ಲ ಡ್ರೈವರ್ ಹಾಕಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ.

ಲಕ್ಷಣ: "ಕೆಲವು ಸೈಟ್ ಅರ್ಧಕ್ಕೇ ನಿಲ್ಲುತ್ತದೆ, ಆಫೀಸಿನ ವಿಪಿಎನ್ ಹಾಕಿದರೆ ಎಲ್ಲ ಸ್ತಬ್ಧ"

ಸಣ್ಣ ಪ್ಯಾಕೆಟ್ ಪಾರಾಗುತ್ತದೆ, ದೊಡ್ಡದು ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ಟಿನ ಸಾಧಾರಣ ಗರಿಷ್ಠ ಅಳತೆ 1500 ಬೈಟ್. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ಪಿಪಿಪಿಒಇ ಸಂಪರ್ಕದಲ್ಲಿ 8 ಬೈಟ್ ಅದಕ್ಕೇ ಹೋಗಿ ಸಾಮಾನ್ಯವಾಗಿ 1492 ಉಳಿಯುತ್ತದೆ. ಹೊರಗಿನಿಂದ ಆಫೀಸಿನ ಜಾಲಕ್ಕೆ ಗುಟ್ಟಾಗಿ ಸೇರಿಸುವ ವಿಪಿಎನ್ ಇನ್ನಷ್ಟು ತಿನ್ನುತ್ತದೆ.

ಪರೀಕ್ಷೆ ಹೀಗೆ: ಪಿಂಗ್, ಮೈನಸ್ ಎಫ್, ಮೈನಸ್ ಎಲ್, 1472, ಆಮೇಲೆ ಯಾವುದಾದರೂ ವಿಳಾಸ. ಪ್ರತಿಯೊಂದರ ನಡುವೆ ಜಾಗ ಬಿಡಿ. 1472ಕ್ಕೆ ತಲೆಬರಹದ 28 ಸೇರಿ 1500. ಪ್ಯಾಕೆಟ್ ಒಡೆಯದೆ ಕಳಿಸಲಾಗದು ಎಂದು ಉತ್ತರ ಬಂದರೆ 1464 ಹಾಕಿ ನೋಡಿ. ಅದು ಪಾರಾದರೆ ನಿಮ್ಮ ದಾರಿಯ ಅಳತೆ 1492, ರೂಟರಿನಲ್ಲಿ ಎಂಟಿಯು ಎಂಬಲ್ಲಿ ಅಷ್ಟೇ ಇರಬೇಕು.

ಇದರ ಅಣ್ಣನಂಥದ್ದು ಜಂಬೊ ಫ್ರೇಮ್. ದೊಡ್ಡ ಪ್ಯಾಕೆಟ್, ದೊಡ್ಡ ವೇಗ ಎಂದು ಎರಡು ಕಂಪ್ಯೂಟರುಗಳಲ್ಲೂ 9014 ಹಾಕಿರುತ್ತಾರೆ, ನಡುವಿನ ಸ್ವಿಚ್ ಅದನ್ನು ಒಪ್ಪದೆ ಸುಮ್ಮನೆ ಎಸೆದುಬಿಡುತ್ತದೆ. ಫೋಲ್ಡರ್ ತೆರೆಯುತ್ತದೆ, ಕಾಪಿ ಸೊನ್ನೆಯಲ್ಲೇ ನಿಲ್ಲುತ್ತದೆ. ಮನೆ, ಅಂಗಡಿಗಳಿಗೆ ಜಂಬೊ ಬೇಕೇ ಇಲ್ಲ. ಡಿಸೇಬಲ್ಡ್ ಮಾಡಿ ಮುಂದೆ ನಡೆಯಿರಿ.

ಲಕ್ಷಣ: "ಹತ್ತಿರದ ಸರ್ವರಿಗೆ ವೇಗ, ಹೊರದೇಶದ್ದು ಮಾತ್ರ ನಿಧಾನ"

ಮಗ ಅಮೆರಿಕದಿಂದ ಕಳಿಸಿದ ವಿಡಿಯೊ ಇಳಿಸಿಕೊಳ್ಳಲು ಇಡೀ ದಿನ, ಬೆಂಗಳೂರಿನ ಸರ್ವರಿನ ಸ್ಪೀಡ್ ಟೆಸ್ಟಿನಲ್ಲಿ ಮಾತ್ರ ಭರ್ತಿ 100. ಇದು ನೇರವಾಗಿ ಕಾರ್ಡಿನದಲ್ಲ, ಕಾರ್ಡಿನ ಹಿಂದೆ ಕೂತ ವಿಂಡೋಸಿನದು. ನೆಟ್‌ಎಸ್‌ಎಚ್ ಇಂಟರ್ಫೇಸ್ ಟಿಸಿಪಿ ಶೋ ಗ್ಲೋಬಲ್ ಎಂದು ಆದೇಶ ಕೊಟ್ಟು, ರಿಸೀವ್ ವಿಂಡೋ ಆಟೊ ಟ್ಯೂನಿಂಗ್ ಲೆವೆಲ್ ಎಂಬ ಸಾಲು ನೋಡಿ. ಅಲ್ಲಿ ನಾರ್ಮಲ್ ಇರಬೇಕು. ಡಿಸೇಬಲ್ಡ್ ಇದ್ದರೆ ನಿಮ್ಮ ಕಂಪ್ಯೂಟರ್ ಒಂದು ಸಲಕ್ಕೆ ಹೆಚ್ಚೆಂದರೆ 64 ಕೆಬಿ ತೆಗೆದುಕೊಂಡು, ಬಂತು ಎಂದು ಹೇಳಿದ ಮೇಲೆಯೇ ಮುಂದಿನದು ಬರುತ್ತದೆ. ಹೋಗಿ ಬರಲು 50 ಮಿಲಿಸೆಕೆಂಡ್ ಆಗುವ ಸರ್ವರಿನಿಂದ ಆಗ ಸಿಗುವುದು ಸುಮಾರು 10 ಎಂಬಿಪಿಎಸ್, 250 ಮಿಲಿಸೆಕೆಂಡ್ ದೂರದಿಂದ 2ರ ಆಸುಪಾಸು. ಪ್ಲಾನ್ 500ರದ್ದಾದರೂ ಅಷ್ಟೇ. ನೆಟ್ ವೇಗ ಹೆಚ್ಚಿಸುವ ಗುಟ್ಟು ಎಂದು ಹಂಚಿಕೊಳ್ಳುವ ಸಲಹೆಗಳಲ್ಲಿ ಇದನ್ನು ಆಫ್ ಮಾಡಿ ಎಂಬುದು ಎಷ್ಟೋ ವರ್ಷಗಳಿಂದ ಇದೆ. ದಯವಿಟ್ಟು ನಂಬಬೇಡಿ. ಹಿಂದಕ್ಕೆ ತರಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಆದೇಶದಲ್ಲಿ ಶೋ ಬದಲು ಸೆಟ್ ಬರೆದು, ಕೊನೆಗೆ ಆಟೊಟ್ಯೂನಿಂಗ್‌ಲೆವೆಲ್ ಈಕ್ವಲ್ ಚಿಹ್ನೆ (=) ನಾರ್ಮಲ್ ಎಂದು ಸೇರಿಸಿ.

ಲಕ್ಷಣ: "ಕೇಬಲಿನಲ್ಲಿ ಸರಿ, ವೈಫೈಯಲ್ಲಿ ಮಾತ್ರ ಕಷ್ಟ"

ನೆಟ್‌ಎಸ್‌ಎಚ್ ಡಬ್ಲ್ಯುಎಲ್‌ಎಎನ್ ಶೋ ಇಂಟರ್ಫೇಸಸ್ ಎಂಬ ಆದೇಶ ಕೊಡಿ. ರಿಸೀವ್ ರೇಟ್ ಎಂಬ ಅಂಕಿಯೇ ಕತೆ ಹೇಳುತ್ತದೆ. 54ರ ಮೇಲೆ ಹೋಗುತ್ತಲೇ ಇಲ್ಲವಾದರೆ ರೂಟರಿನ ಭದ್ರತೆ ಟಿಕೆಐಪಿ ಅಥವಾ ಡಬ್ಲ್ಯುಇಪಿ ಎಂಬ ಹಳೆಯ ಬಗೆಯಲ್ಲಿ ಇರಬಹುದು. ಅವು ಇದ್ದರೆ ಮುಂದಿನ ಪೀಳಿಗೆಯ ವೇಗಗಳು ಸಿಗುವುದಿಲ್ಲ. ರೂಟರಿನಲ್ಲಿ ಡಬ್ಲ್ಯುಪಿಎ2, ಎಇಎಸ್ ಎಂದು ಬದಲಿಸಿ, ವೇಗಕ್ಕಿಂತ ಮೊದಲು ಸುರಕ್ಷತೆಗೇ ಅದು ಬೇಕು. 72 ಅಥವಾ 144 ಎಂದಿದ್ದರೆ 2.4 ಗಿಗಾಹರ್ಟ್ಸ್ ಎಂಬ ವೈಫೈ ತರಂಗದ ಕಿರಿದಾದ ಚಾನೆಲ್ಲಿನಲ್ಲಿದ್ದೀರಿ. 433, 866 ಎಂದರೆ 5 ಗಿಗಾಹರ್ಟ್ಸ್. ಈ ಅಂಕಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನಿಮ್ಮ ಕೈಗೆ ಸಿಕ್ಕರೆ ವೈಫೈ ಆರೋಗ್ಯವಾಗಿದೆ.

ರೂಟರ್ 5 ಗಿಗಾಹರ್ಟ್ಸ್ ಕೊಡುತ್ತಿದ್ದರೂ ಲ್ಯಾಪ್‌ಟಾಪ್ 2.4ಕ್ಕೇ ಅಂಟಿಕೊಂಡಿದ್ದರೆ ವೈಫೈ ಕಾರ್ಡಿನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಪ್ರಿಫರ್ಡ್ ಬ್ಯಾಂಡ್ ಎಂಬುದನ್ನು 5ಕ್ಕೆ ಬದಲಿಸಿ. ಮಲೆನಾಡಿನ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸುಸ್ತಾಗುತ್ತದೆ. ಒಳಕೋಣೆಗೆ 2.4 ಒಳ್ಳೆಯದು, ಅದಕ್ಕಿಂತ ಒಳ್ಳೆಯದು ಒಂದು ಲ್ಯಾನ್ ಕೇಬಲ್.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಕಾರಣ ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಅದರ ಕೇಬಲಿನಿಂದ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೇ ಹರಡುತ್ತದೆ. ಬ್ಯಾಕಪ್ ಹಾಕಿದಾಗಲೆಲ್ಲ ವೈಫೈ ಕುಸಿದರೆ ಡಿಸ್ಕನ್ನು ಒಂದು ಮಾರು ದೂರ ಸರಿಸಿ, ಅಥವಾ 5 ಗಿಗಾಹರ್ಟ್ಸ್‌ಗೆ ಹೋಗಿ.

ಲಿನಕ್ಸ್ ಇಟ್ಟುಕೊಂಡವರಿಗೆ

ನಿಮ್ಮ ಕೆಲಸ ಸುಲಭ. ಈಥ್‌ಟೂಲ್ ಎಂದು ಬರೆದು ಕಾರ್ಡಿನ ಹೆಸರು ಕೊಟ್ಟರೆ ಸ್ಪೀಡ್, ಡುಪ್ಲೆಕ್ಸ್, ಆಟೊ ನೆಗೋಶಿಯೇಶನ್ ಮೂರೂ ಕಣ್ಣೆದುರು ಬರುತ್ತವೆ. ಈಥ್‌ಟೂಲ್ ಮೈನಸ್ ದೊಡ್ಡ ಎಸ್ ಕೊಟ್ಟರೆ ಸಿಆರ್‌ಸಿ ಎರರ್ (ಒಡೆದು ಬಂದ ಪ್ಯಾಕೆಟ್), ಲೇಟ್ ಕೊಲಿಶನ್ (ತಡವಾಗಿ ಆದ ಡಿಕ್ಕಿ) ಎಣಿಕೆಗಳು ಸಿಗುತ್ತವೆ. ಲೇಟ್ ಕೊಲಿಶನ್ ಏರುತ್ತಿದ್ದರೆ ನಿಮ್ಮ ಕಡೆ ಹಾಫ್, ಎದುರು ಕಡೆ ಫುಲ್ ಇರುವ ಸಂಭವ ಹೆಚ್ಚು.

ಎಲ್ಲಿ ನಿಲ್ಲಬೇಕು, ಯಾರನ್ನು ಕರೆಯಬೇಕು

ಯಾವುದಕ್ಕೂ ಬಗ್ಗದಿದ್ದರೆ ವಿಂಡೋಸಿನ ನೆಟ್‌ವರ್ಕ್ ರೀಸೆಟ್ ಕೊನೆಯ ದಾರಿ. ಅದು ಎಲ್ಲ ಕಾರ್ಡುಗಳನ್ನು ತೆಗೆದು ಹೊಸದಾಗಿ ಹಾಕುತ್ತದೆ. ವೈಫೈ ಪಾಸ್‌ವರ್ಡ್, ವಿಪಿಎನ್, ಕೈಯಾರೆ ಕೊಟ್ಟ ಐಪಿ ವಿಳಾಸ ಅಳಿಸಿಹೋಗುತ್ತವೆ. ಮೊದಲೇ ಬರೆದಿಟ್ಟುಕೊಳ್ಳಿ. ಆಫೀಸಿನ ಕಂಪ್ಯೂಟರ್ ಆದರೆ ಅಲ್ಲಿನ ಐಟಿಯವರನ್ನು ಕೇಳದೆ ಇದನ್ನು ಮುಟ್ಟಬೇಡಿ.

ಕೆಲವು ಕಡೆ ಕೈ ಹಾಕಲೇಬಾರದು. ಕ್ಯಾಬಿನೆಟ್ಟನ್ನೋ ಲ್ಯಾನ್ ಪೋರ್ಟನ್ನೋ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಕೆಟ್ಟಿರಬಹುದು. ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ, ನೆಟ್ ಆಮೇಲೆ ನೋಡಿಕೊಂಡರಾಯಿತು. ಸಿಸಿಟಿವಿ ಕ್ಯಾಮೆರಾಗಳಿಗೆ ಲ್ಯಾನ್ ಕೇಬಲಿನಲ್ಲೇ ಕರೆಂಟ್ ಕಳಿಸುವ ಅಡಾಪ್ಟರುಗಳಿವೆ. ಅಗ್ಗದವು ಕೇಳದೆಯೇ 24 ಅಥವಾ 48 ವೋಲ್ಟ್ ಹರಿಸುತ್ತವೆ, ಆ ತುದಿಯನ್ನು ಕಂಪ್ಯೂಟರಿಗೆ ಚುಚ್ಚಿದರೆ ಕಾರ್ಡು ಸುಟ್ಟುಹೋಗಬಹುದು. ಫೈಬರ್ ತುದಿಯನ್ನು ಬಿಚ್ಚಿ ಬೆಳಕು ಬರುತ್ತದೆಯೇ ಎಂದು ಕಣ್ಣಿಟ್ಟು ನೋಡಬೇಡಿ. ಮನೆಗೆ ಬರುವ ಆ ಬೆಳಕು ಸಾಮಾನ್ಯವಾಗಿ 1490 ನ್ಯಾನೊಮೀಟರಿನದು, ಕಣ್ಣಿಗೆ ಕಾಣುವುದಿಲ್ಲ. ಕಾಣದ್ದು ಅಪಾಯವಿಲ್ಲ ಎಂದಲ್ಲ.

ಗುಡುಗು ಶುರುವಾದರೆ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ ಕೀಳಿ, ಹೊರಗೆ ಸಿಡಿಲು ಹೊಡೆಯುತ್ತಿರುವಾಗ ಕೇಬಲ್ ಕೈಯಲ್ಲಿ ಹಿಡಿದು ಪರೀಕ್ಷೆಗೆ ಕೂರಬೇಡಿ. ಸಿಡಿಲಿನ ಮರುದಿನದಿಂದ ಗಿಗಾಬಿಟ್ ಹೋಗಿ 100 ಆಗಿದ್ದರೆ, ಕೇಬಲ್ ಬದಲಿಸಿದರೂ ಹಾಗೇ ಇದ್ದರೆ, ಪೋರ್ಟ್ ಪೆಟ್ಟು ತಿಂದಿರುವ ಸಾಧ್ಯತೆ ಹೆಚ್ಚು. ಸೆಟ್ಟಿಂಗ್ ಹುಡುಕುವುದು ಬಿಟ್ಟು ಬೇರೆ ಕಾರ್ಡು ಹಾಕಿಸಿ.

ಲೈನಿನವರಿಗೆ ಫೋನ್ ಮಾಡಲೇಬೇಕಾದಾಗ "ನೆಟ್ ಸ್ಲೋ" ಎಂದಷ್ಟೇ ಹೇಳಬೇಡಿ. ಸ್ಟೇಟಸ್‌ನಲ್ಲಿ ಕಂಡ ಸ್ಪೀಡ್ ಎಷ್ಟು, ಅದೇ ರೂಟರಿನಲ್ಲಿ ಮೊಬೈಲ್ ಎಷ್ಟು ತೋರಿಸಿತು, ರೂಟರಿಗೆ ನೇರವಾಗಿ ಕೇಬಲ್ ಹಾಕಿದಾಗ ಎಷ್ಟು ಬಂತು, ಎಷ್ಟು ಹೊತ್ತಿಗೆ ಪರೀಕ್ಷೆ ಮಾಡಿದಿರಿ, ಎರರ್ಸ್ ಸಾಲು ಏರಿತೇ ಇಲ್ಲವೇ ಎಂಬ ಐದು ಸಂಗತಿಗಳನ್ನು ಹೇಳಿ. ರೂಟರಿಗೆ ನೇರ ಹಾಕಿದಾಗಲೂ, ಎರಡು ಬೇರೆ ಕಂಪ್ಯೂಟರುಗಳಲ್ಲೂ ನಿಧಾನವೇ ಇದ್ದರೆ ತಪ್ಪು ನಿಮ್ಮ ಕಾರ್ಡಿನದಲ್ಲ. ಆಗ ಅವರು ಬಂದು ನೋಡಲೇಬೇಕು ಎಂದು ಗಟ್ಟಿಯಾಗಿ ಕೇಳಿ.